ಗಡಿಕಲ್ಲಿನ ಬಳಿ ಬಿಟ್ಟ ಏಳು ಜೊತೆ ಚಪ್ಪಲಿ

ಕಾಡಿನಿಂದ ಆರೋಗ್ಯ ಹಂಚಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ದೇವರ ಕಾಡಿಗೆ ತಾವು ಧ್ವನಿವರ್ಧಕ ಹಾಕಿಸಿದ ಮೇಲೆ ನನ್ನ ರಕ್ತದೊತ್ತಡ ಏರಿದೆ. ಅದನ್ನು ಇಳಿಸಿಕೊಡಬೇಕು, ಏಳು ಜೊತೆ ಚಪ್ಪಲಿಯನ್ನೂ ಹಿಂದಿರುಗಿಸಬೇಕು. ಎರಡಕ್ಕೂ ಸಂಬಂಧವಿದೆ.

ನಾನು ಬಣಕಲ್‌ನಲ್ಲಿ ಕಾಳುಮೆಣಸು ಕೊಳ್ಳುವವನು. ತಲೆಹೊರೆಯಿಂದ ಶುರುಮಾಡಿ ಅಂಗಡಿ ಕಟ್ಟಿದವನು; ಮಾತೇ ನನ್ನ ದುಡಿಮೆ. ಹೋದ ವರ್ಷ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ನೂರ ಎಪ್ಪತ್ತೆರಡು. "ಮಾತ್ರೆ ತಗೊಳ್ಳಿ, ಬೆಳಿಗ್ಗೆ ಕಾಡಲ್ಲಿ ನಡೀರಿ. ಸ್ವಲ್ಪ ಹೊತ್ತಾದ್ರೂ ಬಾಯಿ ಮುಚ್ಕೊಂಡಿರಿ" ಅಂದರು.

ನಡೆಯಲು ಕಲಿಸಿದ್ದು ಬಸಮ್ಮ. ಎಸ್ಟೇಟಿನಲ್ಲಿ ಕಾಫಿ ಕೊಯ್ದು ಬದುಕಿದ ಎಪ್ಪತ್ತರ ಜೀವ. ಬೆಳಗಾದರೆ ದೇವರ ಕಾಡಿನಲ್ಲೊಂದು ಸುತ್ತು. ಗಡಿಕಲ್ಲಿನ ಬಳಿ ಚಪ್ಪಲಿ ಬಿಡಬೇಕು, ಮತ್ತೆ ಕಲ್ಲಿಗೆ ಬರುವವರೆಗೆ ತುಟಿ ಬಿಚ್ಚಬಾರದು; ಇದು ನಮ್ಮೂರ ಕಟ್ಟಳೆ. ಮೊದಲ ದಿನ ಹತ್ತು ಹೆಜ್ಜೆಗೇ ನಾನು ಮೆಣಸಿನ ರೇಟು ಎತ್ತಿದೆ. ಬಸಮ್ಮ ನನ್ನ ಶರಟು ಹಿಡಿದು ಕಲ್ಲಿನವರೆಗೂ ಎಳೆದು ತಂದು, "ಎಂತ ಸೋಮಣ್ಣ, ಮರಕ್ಕೆ ಮೆಣಸು ಮಾರ್ತೀರಾ? ಮೊದಲಿಂದ ನಡೀರಿ" ಅಂದರು. ಅಂದು ಮೂರು ಸಲ ಮೊದಲಿನಿಂದ ನಡೆದೆ.

ಐದು ತಿಂಗಳಲ್ಲಿ ನೂರ ಮೂವತ್ನಾಲ್ಕು. ಮಾತ್ರೆಯ ಪಾಲೆಷ್ಟು, ಕಾಡಿನ ಪಾಲೆಷ್ಟು, ನಾನರಿಯೆ, ನಿದ್ದೆಯಂತೂ ಬಂತು. ಹೆಂಡತಿ ವಸಂತಮ್ಮ, "ನಾನು ಹೇಳಿದ್ದು ಪೂರ್ತಿ ಕೇಳ್ತಿದ್ದೀರಲ್ಲ, ಹುಷಾರಿದ್ದೀರಾ?" ಎಂದು ಹಣೆ ಮುಟ್ಟಿ ನೋಡಿದಳು.

ಆಗ ತಾವು ಬಂದಿರಿ. ಕಾಡಿನಲ್ಲಿ ಹೊತ್ತು ಕಳೆದರೆ ದೇಹಕ್ಕೆ ಒಳ್ಳೆಯದೆಂದು ಸರ್ಕಾರಕ್ಕೂ ತಿಳಿದದ್ದು ಸಂತೋಷವೇ. ಆದರೆ ಮೌನದ ಮಹತ್ವವನ್ನು ಮೈಕಿನಲ್ಲಿ ಸಾರುವ ಉಪಾಯ ಯಾರದು? ಹತ್ತು ನಿಮಿಷಕ್ಕೊಮ್ಮೆ ಮರದ ಮೇಲಿಂದ ಹೆಣ್ಣುದನಿ: "ಆಳವಾಗಿ ಉಸಿರೆಳೆದುಕೊಳ್ಳಿ. ಹಕ್ಕಿಗಳ ದನಿ ಆಲಿಸಿ." ಯಾವ ಹಕ್ಕಿ ಸ್ವಾಮಿ? ಮೊದಲ ಘೋಷಣೆಗೇ ಅವು ಎಸ್ಟೇಟಿನ ಕಡೆ ಹಾರಿದವು. ಬಸಮ್ಮ ಕಲ್ಲಿಗೆ ಬಂದ ಮೇಲೆ ಕೇಳಿದ್ದು ಒಂದೇ: "ಆ ಅಮ್ಮನ್ನ ಕಲ್ಲಿನ ತನಕ ಎಳ್ಕೊಂಡು ಬರೋರು ಯಾರೂ ಇಲ್ವಾ?"

ಹೋದ ಸೋಮವಾರ, ಬಸಮ್ಮನೂ ಸೇರಿ ದಿನಾ ನಡೆಯುವ ನಾವು ಏಳು ಜನ ಸುತ್ತು ಮುಗಿಸಿ ಬಂದರೆ ಚಪ್ಪಲಿ ಮಾಯ. ತಮ್ಮ ಸ್ವಚ್ಛತಾ ತಂಡ ಪ್ರವಾಸಿಗರ ಕಸವೆಂದು ಚೀಲಕ್ಕೆ ತುಂಬಿತ್ತು. ಸಾಲಾಗಿ, ಜೊತೆಜೊತೆಯಾಗಿ, ಮೂತಿ ಊರಿನ ಕಡೆ ಮಾಡಿ ಇಟ್ಟಿದ್ದೆವು. ಕಸವನ್ನು ಇಷ್ಟು ಓರಣವಾಗಿ ಎಸೆಯುವ ಪ್ರವಾಸಿಗರನ್ನು ತಾವೆಲ್ಲಿ ಕಂಡಿರಿ? ಬರಿಗಾಲಲ್ಲೇ ಕಚೇರಿಗೆ ಹೋದೆ. "ಕಸ ಅಂತ ಎಂಟ್ರಿ ಆಗಿದೆ ಸಾರ್. ಚಪ್ಪಲಿ ಅಂತ ವಾಪಸ್ ಕೊಡೋಕೆ ಬರಲ್ಲ" ಎಂದರು ಸಿಬ್ಬಂದಿ.

ಅಂದಿನಿಂದ ಬಸಮ್ಮ ಬರುತ್ತಿಲ್ಲ. "ಹಿಮ್ಮಡಿ ಒಡೆದದೆ, ಟಾರು ರೋಡಲ್ಲಿ ಬರಿಗಾಲಲ್ಲಿ ಆಗ್ತದಾ? ಇದ್ದದ್ದು ಅದೊಂದೇ ಜೊತೆ" ಅನ್ನುತ್ತಾರೆ. ಹೊಸದು ಒಯ್ದುಕೊಟ್ಟರೆ, "ಇದನ್ನೂ ಚೀಲಕ್ಕೆ ಹಾಕ್ತಾರೆ, ಬೇಡ ಮಾರಾಯ್ರೆ" ಎಂದು ತಿರುಗಿಸಿ ಕಳಿಸಿದರು. ಬಸಮ್ಮ ಇಲ್ಲವೆಂದು ಉಳಿದ ಐವರೂ ನಿಲ್ಲಿಸಿದರು; ನಾನೊಬ್ಬನೇ ಹೋಗುತ್ತೇನೆ. ಮರದ ಮೇಲಿನ ದನಿಗೆ ಎದುರುತ್ತರ ಕೊಡುತ್ತೇನೆ. ಶರಟು ಹಿಡಿದೆಳೆಯಲು ಯಾರೂ ಇಲ್ಲ.

ಆದ್ದರಿಂದ ಧ್ವನಿವರ್ಧಕ ಇಳಿಸಿ. ಚಪ್ಪಲಿ ಕೊಡಿ. ಕಲ್ಲಿನ ಬಳಿ ಬಿಟ್ಟದ್ದನ್ನು ಮುಟ್ಟಬಾರದೆಂದು ತಂಡಕ್ಕೆ ಬರೆದುಕೊಡಿ. ಆ ಕಾಗದವನ್ನು ಬಸಮ್ಮನ ಮನೆಗೆ ತಾವೇ ಒಯ್ದು, ಆಕೆಯ ಹಿಂದೆ ಒಂದು ಸುತ್ತು ನಡೆಯಿರಿ. ಮಾತಾಡಿದರೆ ಮೊದಲಿನಿಂದ. ತಮ್ಮ ಬೂಟು ಕಾಯಲು ಕಲ್ಲಿನ ಬಳಿ ನಾನಿರುತ್ತೇನೆ.

ಇಂತಿ,
ಬರಿಗಾಲಿನ, ಸದ್ಯ ನೂರ ಐವತ್ತೆಂಟರಲ್ಲಿರುವ
ಸೋಮಶೇಖರಪ್ಪ