ಅಳಿಸದ ಕೈರೇಖೆ

ಜುಲೈ ೧೪, ಮಂಗಳವಾರ

ಬೆಳಿಗ್ಗೆಯಿಂದ ಪರೀಕ್ಷೆಯ ವರದಿಗಾಗಿ ಬಾಗಿಲು ನೋಡುತ್ತಿದ್ದೆ. ಮೂಲೆ ಹಾಸಿಗೆಯ ಅಜ್ಜನಿಗೆ ಸೋಂಕು ಎಂದು ಗೊತ್ತಾಗುವ ಹೊತ್ತಿಗೆ ವಾರ್ಡಿನ ಸಿಬ್ಬಂದಿ ನಾವೆಲ್ಲ ಅವರನ್ನು ಮುಟ್ಟಿ ಆಗಿತ್ತು. ಬೇರೆಯವರಿಗೂ ತಗುಲಿದ್ದರೆ ನಮ್ಮ ಡಯಾಲಿಸಿಸ್ ವಾರ್ಡಿಗೆ ಬೀಗ. ಆ ರೋಗಿಗಳು ಎಲ್ಲಿಗೆ ಹೋಗಬೇಕಿತ್ತು?

ಸಿಸ್ಟರ್ ಕಲಿಸಿದಂತೆ ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವಾಗಲೆಲ್ಲ ಕೈಗವಸು ತೆಗೆದು, ಕೈ ತೊಳೆದು, ಹೊಸದು ಹಾಕಿಕೊಳ್ಳುತ್ತಿದ್ದೆವು. ಕಿಟಕಿ ಪಕ್ಕದ ಹಾಸಿಗೆಯ ಅಕ್ಕ ನಗಾಡುತ್ತಿದ್ದರು: "ಹೀಗೇ ಉಜ್ತಾ ಇದ್ರೆ ಕೈರೇಖೆ ಅಳಿಸಿಹೋಗುತ್ತೆ ಕಣೇ. ಆಮೇಲೆ ನಿನ್ನ ಭವಿಷ್ಯ ಯಾರು ಹೇಳ್ತಾರೆ?"

ಇವತ್ತು ಎಲ್ಲರ ವರದಿ ಬಂತು. ಅಜ್ಜನನ್ನು ಬಿಟ್ಟು ಯಾರಿಗೂ ಸೋಂಕಿಲ್ಲ. ಅಕ್ಕನ ಮುಂದೆ ಅಂಗೈ ಚಾಚಿದೆ. "ನೋಡಕ್ಕಾ, ಭವಿಷ್ಯ ಚೆನ್ನಾಗೇ ಇದೆ. ನಿಮ್ದೂ ಸೇರಿ."

ಈಗ ದೇವರಿಗೆ ಕೈ ಮುಗಿದರೆ ಒಡೆದ ಚರ್ಮ ಉರಿಯುತ್ತಿದೆ. ಕಾಪಾಡಿದವನು ನೀನೇ ತಂದೆ, ಒಪ್ಪಿದೆ. ಆದರೆ ಕೈ ತೊಳೆದವರು ನಾವು. ಅದೊಂದು ನಿನಗೂ ನೆನಪಿರಲಿ.