ಅಪ್ಪ ತಲೆಯಾಡಿಸಿದ್ದು

ಪ್ಲೋವ್‌ದಿವ್, ಮಾರ್ಚ್ ೧೪

ಕೋಪನ್‌ಹೇಗನ್ ನಿವಾಸಿಗಳೂ ಡೇನಿಷ್ ಭಾಷಾ ವಿಶಾರದರೂ ಆದ ಅಣ್ಣ ಬೊಗೊಮಿಲ್ ಅವರ ಸನ್ನಿಧಾನಕ್ಕೆ, ತಂಗಿ ರಾಲಿತ್ಸಾ ತಲೆಬಾಗಿ ಬರೆಯುವುದು.

ಆರೋಗ್ಯವೇ? ಕುತ್ತಿಗೆ ಹೇಗಿದೆ? ಕುತ್ತಿಗೆಯನ್ನೇ ಯಾಕೆ ಕೇಳಿದೆನೆಂದು ಆಮೇಲೆ ಹೇಳುತ್ತೇನೆ. ನಾನು ಕ್ಷೇಮ. ನನ್ನ ಸಿಟ್ಟೂ ಕ್ಷೇಮ, ದಿನೇ ದಿನೇ ಮೈ ತುಂಬಿಕೊಳ್ಳುತ್ತಿದೆ.

ಅಪ್ಪನ ಮಿದುಳಿನ ಗಡ್ಡೆ ಈ ಸಲ ಮರಳಿ ಬಂದು ಮಾತನ್ನೇ ಕಿತ್ತುಕೊಂಡಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ಹೊರಡುವುದಿಲ್ಲ. ಫುಟ್‌ಬಾಲ್ ರೆಫರಿಯಾಗಿ ಇಡೀ ಊರಿನ ಬೈಗುಳ ತಿಂದು, ಬಡ್ಡಿ ಸೇರಿಸಿ ಹಿಂದಿರುಗಿಸಿದ ಬಾಯಿ ಅದು. ಇನ್ನು ಉಳಿದಿದ್ದು ಇಲ್ಲಿನ ಆಸ್ಪತ್ರೆಗೆ ಬಂದಿರುವ ನಿಮ್ಮ ಡೇನಿಷ್ ಡಾಕ್ಟರ್ ಹೋಲ್ಮ್ ಅವರ ಪ್ರಯೋಗವೊಂದೇ: ಅಪ್ಪನ ರಕ್ತದಿಂದಲೇ ಕಾವಲಿನ ಜೀವಕೋಶಗಳನ್ನು ತೆಗೆದು, ಗಡ್ಡೆಯ ಗುರುತು ಹಿಡಿಯುವಂತೆ ಅವನ್ನು ಪಳಗಿಸಿ, ಸಣ್ಣ ನಳಿಗೆಯಲ್ಲಿ ತಲೆಯೊಳಕ್ಕೆ ಬಿಡುವುದು. "ಗುಣ ಆಗುತ್ತೆ ಅಂತ ನಾನು ಹೇಳಲ್ಲ. ಅಪಾಯನೂ ಇದೆ" ಎಂದು ಆ ಮನುಷ್ಯ ನೇರವಾಗಿ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ತಲೆಗಳ ವ್ಯಾಕರಣ ಅವರಿಗೇನು ಗೊತ್ತು?

ನಿನಗೇನಾಗಿತ್ತು? ಮಂಗಳವಾರ ದುಭಾಷಿ ಬರಲಿಲ್ಲವೆಂದು ಡಾಕ್ಟರ್ ನಿನಗೆ ವಿಡಿಯೋ ಕರೆ ಮಾಡಿ, ಫೋನನ್ನು ಅಪ್ಪನ ಮುಂದೆ ಹಿಡಿದರು. ನಾನು ಅಪ್ಪನಿಗೆ ಇಷ್ಟವಾದ ಧಾನ್ಯದ ಪಾನೀಯ ಬೋಜಾ ಒಂದು ಲೋಟ ತರಲು ಕೆಳಗೆ ಹೋಗಿದ್ದೆ. ಚಿಕಿತ್ಸೆ ಬೇಕೇ ಎಂದು ನೀನು ಕೇಳಿದೆ. ಅಪ್ಪ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ನೀನು ಡಾಕ್ಟರಿಗೆ, "ಬೇಡ ಅಂತಿದಾರೆ, ಬಿಟ್ಬಿಡಿ ಪಾಪ" ಅಂದೆಯಂತೆ. ಎಡಕ್ಕೂ ಬಲಕ್ಕೂ! ಅದು ಹೂಂ ಎಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗದ್ದ ಮೇಲೆತ್ತಿ ಲೊಚ್ ಎಂದರಷ್ಟೇ ಊಹೂಂ. ಅಲ್ಲಿ ಎಲ್ಲರಿಗೂ ಗೋಣು ಮೇಲೆ ಕೆಳಗೆ ಹಾಕಿ ಹಾಕಿ ಅಪ್ಪನ ಹೂಂ ಮರೆತುಬಿಟ್ಟೆಯಾ? ಹೋಗಲಿ, ಮರೆತೆ. ಇನ್ನೊಂದು ಸಲ ಕೇಳಬಾರದಿತ್ತೇ? ನಾನು ಲೋಟ ಹಿಡಿದು ಬರುವಷ್ಟರಲ್ಲಿ ಪ್ರಯೋಗದಿಂದ ಅಪ್ಪನ ಹೆಸರು ಹೋಗಿತ್ತು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬೋಜಾ ಮುಟ್ಟಲಿಲ್ಲ.

ಡಾಕ್ಟರನ್ನು ಮೆಟ್ಟಿಲ ಮೇಲೆ ಅಡ್ಡಹಾಕಿ, ಮರುದಿನ ದುಭಾಷಿಯ ಸಮೇತ ಕರೆತಂದೆ. ಅಪ್ಪನ ಕೊರಳಿಗೆ ಅವರ ಹಳೆಯ ಸೀಟಿ ಕಟ್ಟಿ, ಸಕಲ ಗಾಂಭೀರ್ಯದಿಂದ ನಿಯಮ ಸಾರಿದೆ: ಹೌದಾದರೆ ಊದುವುದು, ಅಲ್ಲವಾದರೆ ಸುಮ್ಮನಿರುವುದು. "ನೀವು ಬೊಗೊಮಿಲ್ಲಾ?" ಎಂದು ಡಾಕ್ಟರ್ ಪರೀಕ್ಷಿಸಿದರು. ಅಪ್ಪ ಗಪ್‌ಚಿಪ್. ಅಪಾಯಗಳನ್ನೆಲ್ಲ ಮತ್ತೆ ಬಿಡಿಸಿ ಹೇಳಿ, "ಚಿಕಿತ್ಸೆ ಬೇಕಾ?" ಅಂದರು. ಆ ಸೀಟಿಗೆ ದಾದಿ ಸ್ಟೊಯಾಂಕಾಳ ಕೈಯ ತಟ್ಟೆ ನೆಲಕ್ಕೆ ಬಿತ್ತು. "ನಿಮ್ಮನೆ ಕಾಯ್ವಾಗ! ಇದೇನು ಆಸ್ಪತ್ರೆನೋ ಮೈದಾನನೋ?" ಅಂದವಳೇ ಕಣ್ಣೊರೆಸಿಕೊಂಡಳು. ಅಪ್ಪನ ಹೆಸರು ಮತ್ತೆ ಸೇರಿತು. ಮೊನ್ನೆ ರಕ್ತ ತೆಗೆದರು.

ಆಶೀರ್ವಾದ ಕಳಿಸಲು ಅಪ್ಪನಿಗೆ ಮಾತಿಲ್ಲ, ಪ್ರೀತಿ ಕಳಿಸಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ಸ್ಟೊಯಾಂಕಾಳ ನಮಸ್ಕಾರವನ್ನೇ ಇಟ್ಟುಕೋ.

ನಿನ್ನ ಬದ್ಧವೈರಿ,
ರಾಲಿತ್ಸಾ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಸೀಟಿ ತೆಗೆದಿಟ್ಟು ಅಪ್ಪನನ್ನು ಕೇಳಿದೆ: ಜೀವಕೋಶಗಳನ್ನು ತಲೆಯೊಳಕ್ಕೆ ಬಿಡುವ ದಿನ ಅಣ್ಣ ಪಕ್ಕದಲ್ಲಿರಬೇಕಾ? ಎಡಕ್ಕೂ ಬಲಕ್ಕೂ ತಲೆಯಾಡಿಸಿದರು. ನಾನು ಇನ್ನೊಂದು ಸಲವೂ ಕೇಳಿದೆ.