ಮೇಣದ ದಾರದ ಗಂಟು

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿಮ್ಮ ಬೈಕಿನ ಹೆಡ್‌ಲೈಟ್ ಬಿಚ್ಚಿದೆ. ಸೋಮವಾರದಿಂದ ಬಿಡಕಿನ್‌ನ ಕಾರ್ಖಾನೆಯಲ್ಲಿ ನನಗೆ ನಸುಕಿನ ಪಾಳಿ. ಸಂಭಾಜಿನಗರದಿಂದ ಅಲ್ಲಿಗೆ ಹೋಗಲು ಹಳೆಯ ದೀಪ ಸಾಲದು. ನೀವು ಹೇಳುತ್ತಿದ್ದಂತೆಯೇ ಬ್ಯಾಟರಿಯಿಂದ ಬೇರೆ ವೈರು ಎಳೆದು, ಫ್ಯೂಸು, ರಿಲೇ ಕೂಡಿಸಿ ಎಲ್‌ಇಡಿ ಹಾಕಿದೆ.

ಒಳಗೆ ನನ್ನ ಹಳೆಯ ಜಾಯಿಂಟ್ ಹುಡುಕಿದೆ. ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ವರ್ಷ, ಓಝರ್‌ನ ನಮ್ಮ ಆಗಿನ ಮನೆಯಲ್ಲಿ ವೈರು ಹೊಸೆದು ಟೇಪು ಸುತ್ತಿದ್ದೆನಲ್ಲ, ಅದು. "ಇನ್ನೂ ಗಟ್ಟಿ ಐತಿ ನೋಡ್ರಿ, ನಿಮ್ಮ ಡಿಪ್ಲೊಮಾ ಯಾಕ ಬೇಕು?" ಎಂದು ನಾಲ್ಕು ವರ್ಷ ನಿಮ್ಮನ್ನು ಹಂಗಿಸಿದ್ದೆ. ನೀವು ನಗುತ್ತಿದ್ದಿರಿ.

ಅಲ್ಲಿ ನನ್ನ ಟೇಪು ಇರಲಿಲ್ಲ. ಬೆಸುಗೆ ಹಾಕಿ, ನಿಮ್ಮ ವಿಮಾನ ಕಾರ್ಖಾನೆಯಲ್ಲಿ ವೈರುಗಳಿಗೆ ಕಟ್ಟುತ್ತಿದ್ದ ಮೇಣದ ದಾರದಿಂದ ಬಿಗಿದಿತ್ತು.

ಅವ್ವನನ್ನು ಕೇಳಿದೆ. "ಮರುದಿನಾನ ನೀ ಆಡಾಕ ಹೋದಾಗ ಬಿಚ್ಚಿದ್ರು. ಹುಡುಗ ಮೊದಲನೇ ಸಲ ಏನರ ಪೂರಾ ಮಾಡ್ಯಾನ, ಹೇಳಬ್ಯಾಡ ಅಂದ್ರು."

ಗೆಳೆಯ ತನ್ಮಯನ ಮುಂದೆಯೂ ಕೊಚ್ಚಿಕೊಂಡಿದ್ದೆ. ಅವನಿಗೂ ನಿಜ ಹೇಳಿಬಿಟ್ಟೆ. "ತರೀಚ ಟಿಕಲಾ," ಅದಕ್ಕೇ ಬಾಳಿಕೆ ಬಂತು ಎಂದು ತನ್ನ ಮರಾಠಿಯಲ್ಲಿ ಹೇಳಿ ನಕ್ಕ.

ನಿಮ್ಮ ಗಂಟನ್ನು ಕತ್ತರಿಸಿಲ್ಲ. ಸ್ವಿಚ್ಚಿನಿಂದ ರಿಲೇಗೆ ಕರೆಂಟು ಈಗಲೂ ಅದರ ಮೂಲಕವೇ ಹೋಗುತ್ತದೆ. ಸಂಜೆ ಎದುರಿನ ಗೋಡೆಗೆ ದೀಪ ಹಾಯಿಸಿದೆ. ಬೆಳಕು ನೇರವಾಗಿ, ಬೆಳ್ಳಗೆ ಬಿತ್ತು. ಖುಷಿಯಾಯಿತು.

ಹೊಸ ಜಾಯಿಂಟಿಗೂ ಅದೇ ಗಂಟು ಹಾಕಲು ಮೂರು ಸಲ ನೋಡಿದೆ, ಬರಲಿಲ್ಲ. ಟೇಪನ್ನೇ ಸುತ್ತಿದ್ದೇನೆ. ನನ್ನ ಹಿಂದೆ ಬಿಚ್ಚಿ ನೋಡುವವರು ಈಗ ಇಲ್ಲವೆಂದು ಎರಡು ಸುತ್ತು ಹೆಚ್ಚಿಗೆ.